ಆಫ್ರಿಕಾದ ಪರವಾಗಿ ಒಂದು ವಿಚಾರಣೆ

ಚಾಡ್ ದೇಶದ ರಾಜಧಾನಿ ಎನ್‌ಜಮೇನಾದಲ್ಲಿ ಒಂದು ಈಜುಕೊಳವಿತ್ತು. ಫ್ರೆಂಚರ ಆಳ್ವಿಕೆಯಲ್ಲಿ ಅವರ ಸೈನಿಕರ ಹೆಂಡಿರು ಮಕ್ಕಳು ಅಲ್ಲಿ ಈಜಾಡುತ್ತಿದ್ದರು. 1960ರಲ್ಲಿ ದೇಶ ಸ್ವತಂತ್ರವಾಯಿತು. ಅದಾಗಿ ಇಪ್ಪತ್ತು ಚಿಲ್ಲರೆ ವರ್ಷಗಳ ಮೇಲೆ ಅಧ್ಯಕ್ಷ ಹಿಸೆನ್ ಹಾಬ್ರೆಯ ಗುಪ್ತ ಪೊಲೀಸರು ಕೊಳದ ನೀರು ಬಸಿದು, ಮೇಲೆ ಕಾಂಕ್ರೀಟ್ ಹೊದಿಸಿ, ಒಳಗೆ ಗೋಡೆಗಳನ್ನೆಬ್ಬಿಸಿ ನೆಲದಡಿಯ ಜೈಲು ಮಾಡಿಕೊಂಡರು. ಹೆಸರು ಮಾತ್ರ ಹಳೆಯದೇ ಉಳಿಯಿತು. ಊರಿನವರೆಲ್ಲ ಅದನ್ನು 'ಪಿಸಿನ್', ಅಂದರೆ ಈಜುಕೊಳ, ಎಂದೇ ಕರೆದರು. ಒಳಗೆ ಹೋದವರಲ್ಲಿ ಹೊರಗೆ ಬಂದವರು ಕಡಿಮೆ.

ಹಾಬ್ರೆ ಓದು ಬರಹ ಬಾರದ ಬಂದೂಕುಗಾರನಲ್ಲ. ಪ್ಯಾರಿಸ್‌ನಲ್ಲಿ ರಾಜ್ಯಶಾಸ್ತ್ರ ಕಲಿತು ಬಂದವನು. 1974ರಲ್ಲಿ ಬಂಡುಕೋರ ನಾಯಕನಾಗಿದ್ದಾಗ ಫ್ರೆಂಚ್ ಪುರಾತತ್ವಜ್ಞೆಯೊಬ್ಬರನ್ನು ಒತ್ತೆಯಾಗಿ ಹಿಡಿದ. ಆಕೆಯನ್ನು ಬಿಡಿಸಲು ಮಾತುಕತೆಗೆ ಬಂದ ಫ್ರೆಂಚ್ ಕ್ಯಾಪ್ಟನ್ ಒಬ್ಬನನ್ನು ಮರುವರ್ಷ ಅವನ ಪಡೆ ಕೊಂದು ಹಾಕಿತು. ಅಂಥವನನ್ನು ಮುಂದೆ ಫ್ರಾನ್ಸೇ ವಿಮಾನ, ಸೈನಿಕರನ್ನು ಕಳಿಸಿ ಕಾಪಾಡಿತು. ಕಾರಣ ಉತ್ತರದ ನೆರೆಯಲ್ಲಿ ಕೂತಿದ್ದ ಲಿಬಿಯಾದ ಸರ್ವಾಧಿಕಾರಿ ಗದ್ದಾಫಿ. ಲಿಬಿಯಾದ ಸೇನೆ ಚಾಡ್‌ನ ಉತ್ತರ ಭಾಗದೊಳಗೆ ಇಳಿದಿತ್ತು. ಗದ್ದಾಫಿಯನ್ನು ತಡೆಯಬಲ್ಲವನು ಯಾರಾದರೂ ಸರಿ ಎಂದು ಅಮೆರಿಕದ ರೇಗನ್ ಸರ್ಕಾರ ನಿರ್ಧರಿಸಿತ್ತು. 1982ರ ಜೂನ್ 7ರಂದು ಹಾಬ್ರೆ ರಾಜಧಾನಿಯನ್ನು ಹಿಡಿದದ್ದು ಸಿಐಎಯ ಹಣ ಮತ್ತು ಆಯುಧಗಳ ನೆರವಿನಿಂದ. ಐದು ವರ್ಷಗಳ ನಂತರ ಲಿಬಿಯನ್ನರನ್ನು ಸೋಲಿಸಿದಾಗ ಅವನನ್ನು ಶ್ವೇತಭವನಕ್ಕೇ ಕರೆಸಿ ಸತ್ಕರಿಸಲಾಯಿತು. ಆ ಯುದ್ಧದಲ್ಲಿ ಸೆರೆಸಿಕ್ಕ ಲಿಬಿಯಾದ ಸೇನಾಧಿಕಾರಿಯೊಬ್ಬ ಬಣ ಬದಲಿಸಿ, ಅಮೆರಿಕದ ನೆರವಿನಲ್ಲಿ ಗದ್ದಾಫಿ ವಿರುದ್ಧ ಪಡೆ ಕಟ್ಟಲು ನಿಂತ. ಅವನ ಹೆಸರು ಖಲೀಫಾ ಹಫ್ತಾರ್. ಪೂರ್ವ ಲಿಬಿಯಾ ಇವತ್ತು ಯಾರ ಮುಷ್ಟಿಯಲ್ಲಿದೆ ಎಂದು ಪತ್ರಿಕೆ ಓದುವವರಿಗೆ ಗೊತ್ತು.

1983ರ ಜನವರಿಯಲ್ಲಿ ಹಾಬ್ರೆ ಒಂದು ಇಲಾಖೆ ಹುಟ್ಟುಹಾಕಿದ: 'ದಾಖಲೆ ಮತ್ತು ಭದ್ರತಾ ನಿರ್ದೇಶನಾಲಯ', ಡಿಡಿಎಸ್. ಅದು ಯಾವ ಮಂತ್ರಿಗೂ ವರದಿ ಮಾಡಬೇಕಿರಲಿಲ್ಲ, ನೇರ ಅಧ್ಯಕ್ಷನಿಗೆ. ಮೇಲಿನ ಹುದ್ದೆಗಳಲ್ಲಿ ಅವನ ಬುಡಕಟ್ಟಿನ ನಂಬಿಗಸ್ತರಿದ್ದರು. 1984ರಲ್ಲಿ ದಕ್ಷಿಣದ ಜನ, 1987ರಲ್ಲಿ ಹಜೆರಾಯಿಗಳು, 1989ರಲ್ಲಿ ಜಘಾವಾಗಳು, ಹೀಗೆ ಸರದಿಯ ಮೇಲೆ ಸಮುದಾಯಗಳೇ ಶತ್ರುಗಳಾದವು. ಒಬ್ಬ ನಾಯಕ ತಿರುಗಿಬಿದ್ದರೆ ಅವನ ಕುಲದವರೆಲ್ಲ ಹೊಣೆ. ಚಿತ್ರಹಿಂಸೆಯ ಒಂದು ವಿಧಾನಕ್ಕೆ 'ಅರ್ಬತಾಶರ್' ಎಂದು ಹೆಸರು. ಎರಡೂ ತೋಳು, ಎರಡೂ ಕಾಲುಗಳನ್ನು ಬೆನ್ನ ಹಿಂದೆ ಸೇರಿಸಿ ಬಿಗಿಯಾಗಿ ಕಟ್ಟುತ್ತಿದ್ದರು. ರಕ್ತ ಓಡದೆ ಕೈಕಾಲು ಸತ್ತುಹೋಗುತ್ತಿತ್ತು. ಬದುಕಿದವರ ಮೈಮೇಲೆ ಆ ಹಗ್ಗದ ಗುರುತು ಕೊನೆಯವರೆಗೂ ಉಳಿಯಿತು.

1990ರ ಡಿಸೆಂಬರ್ 1ರಂದು ಅವನ ಹಳೆಯ ಸೇನಾಪತಿ ಇದ್ರಿಸ್ ದೆಬಿ ಸುಡಾನ್ ಕಡೆಯಿಂದ ಪಡೆ ತಂದು ರಾಜಧಾನಿಗೆ ನುಗ್ಗುತ್ತಿದ್ದಂತೆ ಹಾಬ್ರೆ ಕ್ಯಾಮರೂನ್ ದಾಟಿ ಸೆನೆಗಲ್‌ನ ಡಾಕರ್ ಸೇರಿದ. ಹೋಗುವ ಮೊದಲು ದೇಶದ ಬೊಕ್ಕಸಕ್ಕೆ ಕೈಹಾಕಲು ಮರೆಯಲಿಲ್ಲ. ಡಾಕರ್‌ನಲ್ಲಿ ಮನೆ ಮಾಡಿ, ಕೇಳಿದವರಿಗೆ ಧಾರಾಳವಾಗಿ ಕೊಟ್ಟು, ಮಸೀದಿಗೆ ತಪ್ಪದೆ ಹೋಗಿ, ಸುತ್ತಲಿನವರಿಂದ ಸಜ್ಜನ ಎನಿಸಿಕೊಂಡ.

ಅದೇ ದಿನ ಎನ್‌ಜಮೇನಾದ ಜೈಲುಗಳ ಬಾಗಿಲು ತೆರೆದಾಗ ಹೊರಗೆ ಬಂದವರಲ್ಲಿ ಸುಲೇಮಾನ್ ಗೆಂಗೆಂಗ್ ಎಂಬ ಲೆಕ್ಕಪತ್ರದ ಗುಮಾಸ್ತರೂ ಇದ್ದರು. ಚಾಡ್ ಸರೋವರ ಜಲಾನಯನ ಆಯೋಗದಲ್ಲಿ ನೌಕರಿ. 1988ರಲ್ಲಿ ಹಿಡಿದೊಯ್ದಿದ್ದರು. ಎರಡು ವರ್ಷಕ್ಕೂ ಹೆಚ್ಚು ಕಾಲದ ಸೆರೆ, ಕಣ್ಣು ಬಹುತೇಕ ಹೋಗಿತ್ತು. ಸಾಲುಸಾಲಾಗಿ ಜನ ಸಾಯುತ್ತಿದ್ದ ಕೋಣೆಯಲ್ಲಿ ಕುಳಿತು ಅವರು ದೇವರ ಮುಂದೆ ಆಣೆಯಿಟ್ಟಿದ್ದರಂತೆ: ಬದುಕಿ ಹೊರಬಂದರೆ ಇದಕ್ಕೆಲ್ಲ ನ್ಯಾಯ ಕೇಳುತ್ತೇನೆ ಎಂದು. ಇಂಥ ಆಣೆಗಳನ್ನು ಹೊರಗೆ ಬಂದ ಮೇಲೆ ಮರೆಯುವುದು ಮನುಷ್ಯಸಹಜ. ಗೆಂಗೆಂಗ್ ಮರೆಯಲಿಲ್ಲ. ಗೆಳೆಯರೊಂದಿಗೆ ಸಂತ್ರಸ್ತರ ಸಂಘ ಕಟ್ಟಿದರು. ಲೆಕ್ಕ ಬರೆಯುವವರ ಶಿಸ್ತಿನಿಂದ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ, ಫಾರಂ ತುಂಬಿ, ಫೋಟೊ ಅಂಟಿಸಿ, 792 ಮಂದಿಯ ಕಡತ ಸಿದ್ಧಮಾಡಿದರು.

ಹೊಸ ಅಧ್ಯಕ್ಷ ದೆಬಿಯೂ ಆರಂಭದಲ್ಲಿ ಉತ್ಸಾಹ ತೋರಿಸಿದ. ಮಹಮತ್ ಹಸನ್ ಅಬಕರ್ ಅವರ ನೇತೃತ್ವದಲ್ಲಿ ತನಿಖಾ ಆಯೋಗ ನೇಮಿಸಿದ. ಆಯೋಗಕ್ಕೆ ಸಾಕಷ್ಟು ಹಣವೂ ಇರಲಿಲ್ಲ, ವಾಹನಗಳೂ ಇರಲಿಲ್ಲ. ಕಚೇರಿಗೆ ಜಾಗ ಸಿಕ್ಕಿದ್ದು ಡಿಡಿಎಸ್ ಇದ್ದ ಕಟ್ಟಡದಲ್ಲೇ. ಚಿತ್ರಹಿಂಸೆ ಅನುಭವಿಸಿದ ಮನೆಗೇ ಮತ್ತೆ ಬಂದು ಸಾಕ್ಷಿ ಹೇಳಿ ಎಂದರೆ ಯಾರು ಬರುತ್ತಾರೆ? ಆದರೂ 1992ರಲ್ಲಿ ವರದಿ ಹೊರಬಂತು. ಸತ್ತವರು 40,000ಕ್ಕೂ ಹೆಚ್ಚು ಎಂದು ಅದು ಅಂದಾಜಿಸಿತು. ಇದು ಎಣಿಸಿ ಬಂದ ಸಂಖ್ಯೆಯಲ್ಲ, ಸಿಕ್ಕಷ್ಟು ಹೆಸರುಗಳ ಮೇಲೆ ಕಟ್ಟಿದ ಲೆಕ್ಕ ಎಂಬುದನ್ನು ನೆನಪಿಡಬೇಕು. ವರದಿ ಇನ್ನೊಂದು ಕೆಲಸವನ್ನೂ ಮಾಡಿತು. ಡಿಡಿಎಸ್‌ಗೆ ಹಣ, ತರಬೇತಿ, ಸಾಮಗ್ರಿ ಕೊಟ್ಟ ದೇಶಗಳ ಹೆಸರು ಹೇಳಿತು: ಅಮೆರಿಕ, ಫ್ರಾನ್ಸ್, ಈಜಿಪ್ಟ್, ಇರಾಕ್, ಝೈರ್.

ಆ ಮೇಲೆ ಏನೂ ಆಗಲಿಲ್ಲ. ಆಗುವುದು ಸಾಧ್ಯವೂ ಇರಲಿಲ್ಲ. 1984ರಲ್ಲಿ ದಕ್ಷಿಣದ ಹಳ್ಳಿಗಳನ್ನು ಹಾಬ್ರೆಯ ಸೇನೆ ಸುಟ್ಟು ಕೆಡವಿದಾಗ ಆ ಸೇನೆಯ ಮುಖ್ಯಸ್ಥನಾಗಿದ್ದವನು ಇದೇ ದೆಬಿ. ಡಿಡಿಎಸ್‌ನ ಹಳೆಯ ಅಧಿಕಾರಿಗಳು ಹೊಸ ಸರ್ಕಾರದ ಪೊಲೀಸ್ ಇಲಾಖೆಯಲ್ಲಿ, ಆಡಳಿತದಲ್ಲಿ ಕುರ್ಚಿ ಹಿಡಿದು ಕೂತರು. ತನ್ನನ್ನು ಹಿಂಸಿಸಿದವನು ಎದುರಿಗೇ ಸರ್ಕಾರಿ ಜೀಪಿನಲ್ಲಿ ಹೋಗುವುದನ್ನು ಕಂಡ ಜನ ಬಾಯಿ ಮುಚ್ಚಿಕೊಂಡರು. ಗೆಂಗೆಂಗ್ ತಮ್ಮ 792 ಕಡತಗಳನ್ನು ಮಣ್ಣಿನ ಮನೆಯಲ್ಲಿ ಬಚ್ಚಿಟ್ಟರು. ಹತ್ತಿರ ಹತ್ತಿರ ಎಂಟು ವರ್ಷ ಅವು ಅಲ್ಲೇ ಇದ್ದವು.

ಅವು ಹೊರಗೆ ಬರಲು ಕಾರಣವಾದ ಘಟನೆ ನಡೆದದ್ದು ಲಂಡನ್ನಿನಲ್ಲಿ. 1998ರ ಅಕ್ಟೋಬರ್ 16ರಂದು, ಸ್ಪೇನಿನ ನ್ಯಾಯಾಧೀಶರ ವಾರಂಟ್ ಮೇಲೆ, ಚಿಲಿಯ ಮಾಜಿ ಸರ್ವಾಧಿಕಾರಿ ಪಿನೊಶೆಯನ್ನು ಬ್ರಿಟಿಷ್ ಪೊಲೀಸರು ಬಂಧಿಸಿದರು. ಹದಿನಾರು ತಿಂಗಳಿಗೆ ಅವನು ಬಿಡಿಸಿಕೊಂಡು ಊರಿಗೆ ಹೋದನೆನ್ನಿ. ಆದರೆ ಒಂದು ದೇಶದ ಮಾಜಿ ಅಧ್ಯಕ್ಷನನ್ನು ಇನ್ನೊಂದು ದೇಶದ ಪೊಲೀಸರು ಮುಟ್ಟಬಹುದು ಎಂಬುದು ಅಂದಿಗೆ ಜಗತ್ತಿನ ಅನುಭವಕ್ಕೆ ಬಂತು. ಮರುವರ್ಷ ಚಾಡ್‌ನ ವಕೀಲೆ ಡೆಲ್ಫಿನ್ ಜಿರೈಬೆ ಅವರು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯನ್ನು ಕೇಳಿದರು: ನಮ್ಮವನ ವಿಷಯದಲ್ಲೂ ಹೀಗೆ ಮಾಡಲಾದೀತೇ? ಪಿನೊಶೆ ಪ್ರಕರಣದಲ್ಲಿ ಓಡಾಡಿದ್ದ ನ್ಯೂಯಾರ್ಕಿನ ವಕೀಲ ರೀಡ್ ಬ್ರೋಡಿ ಇದನ್ನು ಕೈಗೆತ್ತಿಕೊಂಡರು. ಸದ್ದಿಲ್ಲದೆ ಚಾಡ್‌ಗೆ ಬಂದ ಸಂಶೋಧಕರಿಗೆ ಗೆಂಗೆಂಗ್ ಕಡತಗಳನ್ನು ಒಪ್ಪಿಸಿದರು.

ಡಾಕರ್‌ನಲ್ಲೇ ದೂರು ಕೊಡಲು ಆಧಾರವಾದದ್ದು ವಿಶ್ವಸಂಸ್ಥೆಯ 1984ರ ಚಿತ್ರಹಿಂಸೆ ವಿರೋಧಿ ಒಪ್ಪಂದ. ಅದನ್ನು ಅನುಮೋದಿಸಿದ ದೇಶದ ನೆಲದಲ್ಲಿ ಆರೋಪಿ ಸಿಕ್ಕರೆ, ಒಂದೋ ಅವನನ್ನು ವಿಚಾರಣೆಗೆ ಒಳಪಡಿಸಬೇಕು, ಇಲ್ಲವೇ ವಿಚಾರಿಸುವ ದೇಶಕ್ಕೆ ಒಪ್ಪಿಸಬೇಕು. ಸೆನೆಗಲ್ ಅದನ್ನು 1986ರಲ್ಲೇ ಅನುಮೋದಿಸಿತ್ತು. (ಭಾರತ 1997ರಲ್ಲಿ ಸಹಿ ಹಾಕಿತು, ಇಂದಿಗೂ ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಮಸೂದೆ ರಾಜ್ಯಸಭೆಯ ಸಮಿತಿಗೆ ಹೋಗಿ, ಕೊನೆಗೆ ಬಿದ್ದುಹೋಯಿತು. ನಮ್ಮ ಲಾಕಪ್ ಸಾವುಗಳ ಸುದ್ದಿ ಓದುವಾಗ ಇದೂ ನೆನಪಿರಲಿ.) 2000ದ ಜನವರಿಯಲ್ಲಿ ಚಾಡ್‌ನಿಂದ ಬಂದ ಏಳೆಂಟು ಮಂದಿ ಡಾಕರ್ ಕೋರ್ಟಿನ ಮೆಟ್ಟಿಲು ಹತ್ತಿದರು. ಫೆಬ್ರವರಿ 3ರಂದು ನ್ಯಾಯಾಧೀಶ ದೆಂಬಾ ಕಾಂಜಿ ಅವರು ಹಾಬ್ರೆ ಮೇಲೆ ಆರೋಪ ಹೊರಿಸಿ ಗೃಹಬಂಧನಕ್ಕೆ ಆದೇಶಿಸಿದರು. ಆಫ್ರಿಕಾದ ಒಬ್ಬ ಮಾಜಿ ಅಧ್ಯಕ್ಷನ ಮೇಲೆ ಇನ್ನೊಂದು ಆಫ್ರಿಕನ್ ದೇಶದ ಕೋರ್ಟು ಇಂಥ ಆರೋಪ ಹೊರಿಸಿದ್ದು ಅದೇ ಮೊದಲು.

ಮುಂದಿನ ತಿಂಗಳೇ ಸೆನೆಗಲ್‌ನಲ್ಲಿ ಚುನಾವಣೆ ನಡೆದು ಅಬ್ದುಲಾಯೆ ವಾದ್ ಅಧ್ಯಕ್ಷರಾದರು. ಹಾಬ್ರೆಯ ವಕೀಲರಲ್ಲಿ ಮುಖ್ಯರಾದ ಮಾದಿಕೆ ನಿಯಾಂಗ್ ಹೊಸ ಅಧ್ಯಕ್ಷರ ಆಪ್ತರು, ಮುಂದೆ ಮಂತ್ರಿಯೂ ಆದರು. ಕಾಂಜಿ ಅವರನ್ನು ಆ ಹುದ್ದೆಯಿಂದ ಎತ್ತಿ ಬೇರೆ ಕಡೆ ಹಾಕಲಾಯಿತು. 2001ರ ಮಾರ್ಚ್‌ನಲ್ಲಿ ಸೆನೆಗಲ್‌ನ ಅತ್ಯುನ್ನತ ನ್ಯಾಯಾಲಯ, ಪರದೇಶದಲ್ಲಿ ನಡೆದ ಅಪರಾಧ ವಿಚಾರಿಸುವ ಅಧಿಕಾರ ನಮಗಿಲ್ಲ ಎಂದು ಪ್ರಕರಣವನ್ನು ಮುಚ್ಚಿತು.

ಈ ಹೊತ್ತಿಗಾಗಲೇ ಬೆಲ್ಜಿಯಂನಲ್ಲಿ ಇನ್ನೊಂದು ದೂರು ದಾಖಲಾಗಿತ್ತು. ಅರ್ಜಿದಾರರಲ್ಲಿ ಬೆಲ್ಜಿಯಂ ಪೌರತ್ವ ಪಡೆದ ಚಾಡ್ ಮೂಲದವರಿದ್ದರು. ಯಾವ ದೇಶದಲ್ಲಿ ನಡೆದ ಮಹಾಪಾತಕವನ್ನಾದರೂ ವಿಚಾರಿಸಬಹುದೆಂಬ ಕಾನೂನು ಆ ಪುಟ್ಟ ದೇಶದಲ್ಲಿತ್ತು. 2003ರಲ್ಲಿ ಅಮೆರಿಕದ ನಾಯಕರ ಮೇಲೂ ಅಲ್ಲಿ ದೂರುಗಳು ಬಂದಾಗ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ನೇಟೊ ಕೇಂದ್ರ ಕಚೇರಿಯನ್ನೇ ಬ್ರಸೆಲ್ಸ್‌ನಿಂದ ಎತ್ತಿಸುವ ಮಾತಾಡಿದರು. ಕಾನೂನು ರದ್ದಾಯಿತು. ತನಿಖೆ ಆಗಲೇ ಶುರುವಾಗಿದ್ದರಿಂದ ಹಾಬ್ರೆ ಪ್ರಕರಣ ಮಾತ್ರ ಉಳಿದುಕೊಂಡಿತು. ನ್ಯಾಯಾಧೀಶ ಡೇನಿಯಲ್ ಫ್ರಾನ್ಸೆನ್ 2002ರಲ್ಲೇ ಚಾಡ್‌ಗೆ ಹೋಗಿ, ಜೈಲುಗಳನ್ನೂ ಹೂಳಿದ ಜಾಗಗಳನ್ನೂ ನೋಡಿ ಬಂದಿದ್ದರು.

ಅದಕ್ಕೂ ಮೊದಲು, 2001ರ ಮೇ ತಿಂಗಳಲ್ಲಿ, ಬ್ರೋಡಿ ಮತ್ತು ಸಹೋದ್ಯೋಗಿ ಎನ್‌ಜಮೇನಾದಲ್ಲಿ ಪಾಳುಬಿದ್ದ ಡಿಡಿಎಸ್ ಕಚೇರಿಯೊಳಗೆ ಕಾಲಿಟ್ಟಾಗ ನೆಲವೇ ಕಾಣಲಿಲ್ಲ. ಧೂಳು, ಕಸದ ನಡುವೆ ಮೊಣಕಾಲೆತ್ತರಕ್ಕೆ ಕಾಗದ. ಕೈದಿಗಳ ದಿನದ ಪಟ್ಟಿ, ಸಾವಿನ ಪ್ರಮಾಣಪತ್ರ, ವಿಚಾರಣೆಯ ಟಿಪ್ಪಣಿ, ಗುರುತಿನ ಚೀಟಿ, ಸಾವಿರ ಸಾವಿರ ಹಾಳೆ. ಇಷ್ಟೆಲ್ಲ ಪಾತಕ ಮಾಡಿದವರು ಇಷ್ಟು ನೀಟಾಗಿ ಬರೆದಿಟ್ಟದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಸುಲಭ: ಕೇಳುವವರು ಬರುತ್ತಾರೆಂದು ಅವರಿಗೆ ಕನಸಿನಲ್ಲೂ ಅನಿಸಿರಲಿಲ್ಲ, ಮೇಲಿನವನಿಗೆ ವರದಿ ಒಪ್ಪಿಸುವುದು ಬೇಕಿತ್ತು. ಸಂಖ್ಯಾಶಾಸ್ತ್ರಜ್ಞರು ಆ ಹಾಳೆಗಳನ್ನು ಜಾಲಾಡಿದಾಗ 12,321 ಸಂತ್ರಸ್ತರ ಹೆಸರು, ಸೆರೆಯಲ್ಲಿ ಸತ್ತ 1,208 ಮಂದಿಯ ವಿವರ ಸಿಕ್ಕಿತು. 898 ಕೈದಿಗಳ ಸ್ಥಿತಿಗತಿ ಕುರಿತು ಹಾಬ್ರೆಗೇ ನೇರವಾಗಿ ಹೋದ 1,265 ಪತ್ರಗಳೂ ಸಿಕ್ಕವು. ನನಗೇನೂ ಗೊತ್ತಿರಲಿಲ್ಲ, ಕೆಳಗಿನವರು ಮಾಡಿದ್ದು ಎಂದು ಹೇಳಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಆ ಕಾಗದಗಳು ಸಿಕ್ಕ ಮರು ತಿಂಗಳು, ಜೂನ್ 11ರಂದು, ಎನ್‌ಜಮೇನಾದ ಫ್ರೆಂಚ್ ರಾಯಭಾರ ಕಚೇರಿಯ ಮುಂದೆ ಶಾಂತವಾಗಿ ಪ್ರತಿಭಟಿಸುತ್ತಿದ್ದ ಹೆಂಗಸರ ಮೇಲೆ ಪೊಲೀಸರು ಗ್ರೆನೇಡ್ ಎಸೆದರು. ಸಂತ್ರಸ್ತರ ವಕೀಲೆ ಜಾಕ್ಲೀನ್ ಮುದೈನಾ ಅವರ ಕಾಲಿಗೆ ಚೂರುಗಳು ಹೊಕ್ಕವು. ಆ ಪೊಲೀಸ್ ತುಕಡಿಯ ಮೇಲಧಿಕಾರಿ ಡಿಡಿಎಸ್‌ನ ಹಳೆಯ ಹುಲಿ. ಕಾಲಿನ ಚಿಕಿತ್ಸೆ ಮುಗಿಸಿಕೊಂಡು ಮುದೈನಾ ಮತ್ತೆ ಕೋರ್ಟಿನ ಕೆಲಸಕ್ಕೇ ಮರಳಿದರು. ಗೆಂಗೆಂಗ್ ಅವರಿಗೆ ನೌಕರಿ ಹೋಯಿತು, ಕೊನೆಗೆ ಅಮೆರಿಕಕ್ಕೆ ವಲಸೆ ಹೋಗಬೇಕಾಯಿತು. ಅಂತರರಾಷ್ಟ್ರೀಯ ಬೆಂಬಲದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಪ್ಪಂದ, ಠರಾವು, ದೇಣಿಗೆಗಳ ಬಗ್ಗೆ ಬರೆಯುತ್ತಾರೆ. ಈ ಪ್ರಕರಣದಲ್ಲಿ ಅವೆಲ್ಲ ಇದ್ದವು, ಆದರೆ ಒಂದೂ ತಾನಾಗಿ ಬಂದದ್ದಲ್ಲ. ಪ್ರತಿಯೊಂದನ್ನೂ ಈ ಜನ ಬಾಗಿಲು ತಟ್ಟಿ, ಕಾಡಿ, ಬೇಡಿ ಎಳೆದು ತಂದರು.

2005ರ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂ ಬಂಧನದ ವಾರಂಟ್ ಹೊರಡಿಸಿತು. ಆಫ್ರಿಕಾದವನನ್ನು ಯುರೋಪಿಗೆ ಒಪ್ಪಿಸುವುದೇ ಎಂಬ ಕೂಗೆದ್ದಿತು. ಆ ಕೂಗಿನಲ್ಲಿ ಸ್ವಾಭಿಮಾನವೂ ಇತ್ತು, ನಾಳೆ ನಮ್ಮ ಸರದಿ ಬಂದರೆ ಎಂಬ ಅಧ್ಯಕ್ಷರುಗಳ ಅಳುಕೂ ಇತ್ತು. ಸೆನೆಗಲ್ ಈ ತಲೆನೋವನ್ನು ಆಫ್ರಿಕನ್ ಒಕ್ಕೂಟದ ಹೆಗಲಿಗೆ ದಾಟಿಸಿತು. ಒಕ್ಕೂಟ ತಜ್ಞರ ಸಮಿತಿ ಮಾಡಿ, 2006ರ ಜುಲೈನಲ್ಲಿ ಅದನ್ನು ಸೆನೆಗಲ್‌ಗೇ ಹಿಂದಿರುಗಿಸಿತು: 'ಆಫ್ರಿಕಾದ ಪರವಾಗಿ' ನೀವೇ ವಿಚಾರಣೆ ನಡೆಸಿ ಎಂದು. ಈ ತೀರ್ಮಾನವಾದದ್ದು ಗ್ಯಾಂಬಿಯಾದ ಬಾಂಜುಲ್‌ನಲ್ಲಿ. ಶೃಂಗಸಭೆಯ ಆತಿಥ್ಯ ವಹಿಸಿದ್ದವನು ಯಾಹ್ಯಾ ಜಮ್ಮೆ. ಹತ್ತು ವರ್ಷಗಳ ನಂತರ ತಾನೂ ಚುನಾವಣೆ ಸೋತು, ಈಕ್ವಟೋರಿಯಲ್ ಗಿನಿಗೆ ಓಡಿಹೋಗಿ, ಹಾಬ್ರೆಯ ಸ್ಥಾನದಲ್ಲೇ ನಿಲ್ಲುತ್ತೇನೆಂದು ಅವನಿಗೆ ಆಗ ಹೊಳೆದಿರಲಿಕ್ಕಿಲ್ಲ.

ಒಪ್ಪಿಕೊಂಡ ಮೇಲೆ ಅಧ್ಯಕ್ಷ ವಾದ್ ಹಣದ ಮಾತು ತೆಗೆದರು. ವಿಚಾರಣೆಗೆ 2.7 ಕೋಟಿ ಯೂರೊ ಬೇಕು, ಪೂರ್ತಿ ಮೊದಲೇ ಬರಬೇಕು. ಮದುವೆ ಮುಂದೂಡಬೇಕೆಂದಿರುವ ಬೀಗರು ವರದಕ್ಷಿಣೆ ಏರಿಸಿದಂತೆ ಇದು ಸಾಗಿತು. 2010ರ ನವೆಂಬರ್‌ನಲ್ಲಿ ದಾನಿ ದೇಶಗಳು ಡಾಕರ್‌ನಲ್ಲಿ ಸೇರಿ 86 ಲಕ್ಷ ಯೂರೊ ಕೊಡಲು ಒಪ್ಪಿದವು. ಅದೇ ತಿಂಗಳು ಪಶ್ಚಿಮ ಆಫ್ರಿಕಾ ದೇಶಗಳ ಸಮುದಾಯದ ನ್ಯಾಯಾಲಯ, ಸೆನೆಗಲ್‌ನ ಮಾಮೂಲಿ ಕೋರ್ಟು ಸಾಲದು, ಅಂತರರಾಷ್ಟ್ರೀಯ ಸ್ವರೂಪದ ವಿಶೇಷ ನ್ಯಾಯಾಲಯವೇ ಬೇಕು ಎಂದಿತು. ಮರುವರ್ಷ ಜುಲೈನಲ್ಲಿ ವಾದ್ ಇದ್ದಕ್ಕಿದ್ದಂತೆ ಹಾಬ್ರೆಯನ್ನು ಚಾಡ್‌ಗೆ ಗಡಿಪಾರು ಮಾಡುವುದಾಗಿ ಘೋಷಿಸಿದರು. ಅಲ್ಲಿ ಅವನಿಗೆ ಗೈರುಹಾಜರಿಯಲ್ಲಿ ಮರಣದಂಡನೆ ಆಗಿತ್ತು. ಅಲ್ಲಿಗೆ ಹೋದರೆ ಬಾಯಿ ಬಿಡುವ ಮೊದಲೇ ಸಾಯುತ್ತಾನೆಂದು ಸಂತ್ರಸ್ತರ ಪರವಾಗಿದ್ದವರೇ ಬೇಡವೆಂದರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮುಖ್ಯಸ್ಥೆ ನವಿ ಪಿಳ್ಳೈ ಅವರೂ ಮಧ್ಯೆ ಬಂದರು. ವಾದ್ ಹಿಂಜರಿದರು.

ಗಂಟು ಬಿಚ್ಚಿದ್ದು 2012ರಲ್ಲಿ. ವಾದ್ ಚುನಾವಣೆ ಸೋತು ಮಾಕಿ ಸಾಲ್ ಬಂದರು. ಜುಲೈ 20ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಬೆಲ್ಜಿಯಂ ಹೂಡಿದ್ದ ದಾವೆಯಲ್ಲಿ ಸೆನೆಗಲ್‌ಗೆ ಖಡಾಖಂಡಿತ ಹೇಳಿತು: ಇನ್ನು ತಡಮಾಡದೆ ವಿಚಾರಣೆಗೆ ಒಪ್ಪಿಸಿ, ಇಲ್ಲವಾದರೆ ಆರೋಪಿಯನ್ನು ಹಸ್ತಾಂತರಿಸಿ. ಸುಮಾರು ಒಂದು ತಿಂಗಳಲ್ಲಿ ಆಫ್ರಿಕನ್ ಒಕ್ಕೂಟದೊಂದಿಗೆ ಕರಾರಾಯಿತು. 2013ರ ಫೆಬ್ರವರಿಯಲ್ಲಿ ಸೆನೆಗಲ್‌ನ ನ್ಯಾಯವ್ಯವಸ್ಥೆಯೊಳಗೇ 'ಆಫ್ರಿಕನ್ ವಿಶೇಷ ನ್ಯಾಯಪೀಠಗಳು' ಕೆಲಸ ಆರಂಭಿಸಿದವು. ಖರ್ಚಿನ ದೊಡ್ಡ ಪಾಲನ್ನು ಚಾಡ್ ಸರ್ಕಾರವೇ ಕೊಟ್ಟಿತು. ಯುರೋಪಿಯನ್ ಒಕ್ಕೂಟ, ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿ ಕೊಟ್ಟವು. ಒಂದು ಕಾಲದಲ್ಲಿ ಹಾಬ್ರೆಯನ್ನು ಸಾಕಿದ್ದ ಅಮೆರಿಕ, ಫ್ರಾನ್ಸ್ ಕೂಡ ಕೊಟ್ಟವು. ನನ್ನ ಮಟ್ಟಿಗೆ ಹೇಳುವುದಾದರೆ, ಹಣ ಕೊಟ್ಟವರು ಸಾಕ್ಷಿಯ ಕಟಕಟೆಗೂ ಒಮ್ಮೆ ಬಂದಿದ್ದರೆ ಆ ವಿಚಾರಣೆ ಇನ್ನೂ ಪೂರ್ಣವಾಗುತ್ತಿತ್ತು. ತೀರ್ಪಿನ ದಿನ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ, ಚಾಡ್‌ನ ಆ ಕಾಲದೊಂದಿಗೆ ತಮ್ಮ ದೇಶಕ್ಕಿದ್ದ ನಂಟಿನ ಬಗ್ಗೆಯೂ ಯೋಚಿಸಬೇಕಾದ ಸಂದರ್ಭವಿದು ಎಂಬರ್ಥದ ಮಾತನ್ನಾಡಿದರು. ಅಷ್ಟಕ್ಕೇ ನಿಂತಿತು.

ವಿಚಾರಣೆ 2015ರ ಜುಲೈ 20ರಂದು ಶುರುವಾಯಿತು. ಅಧ್ಯಕ್ಷತೆ ಬುರ್ಕಿನಾ ಫಾಸೊದ ನ್ಯಾಯಾಧೀಶ ಗುಸ್ತಾವ್ ಕಾಮ್ ಅವರದು, ಜೊತೆಗೆ ಸೆನೆಗಲ್‌ನ ಇಬ್ಬರು. ಹಾಬ್ರೆ ಈ ಕೋರ್ಟನ್ನೇ ಒಪ್ಪುವುದಿಲ್ಲವೆಂದು ಕೂಗಾಡಿದ. ವಕೀಲರು ಬರಲಿಲ್ಲ. ನ್ಯಾಯಪೀಠ ಬೇರೆ ವಕೀಲರನ್ನು ನೇಮಿಸಿ, ಅವರಿಗೆ ಓದಿಕೊಳ್ಳಲು 45 ದಿನ ಕೊಟ್ಟಿತು. ಸೆಪ್ಟೆಂಬರ್ 7ರಂದು ಮುಸುಕು ಹಾಕಿದ ಕಾವಲಿನವರು ಅವನನ್ನು ಹೊತ್ತು ತಂದು ಕುರ್ಚಿಯ ಮೇಲೆ ಅದುಮಿ ಹಿಡಿಯಬೇಕಾಯಿತು. ಅದರ ನಂತರ ಅವನು ಕೊನೆಯವರೆಗೂ ತುಟಿ ಬಿಚ್ಚಲಿಲ್ಲ. ಬಿಳಿ ನಿಲುವಂಗಿ, ತಲೆಗೆ ಸುತ್ತಿದ ಬಿಳಿ ವಸ್ತ್ರ, ಕಪ್ಪು ಕನ್ನಡಕ. ಎದುರಿಗೆ ಬಂದ 93 ಸಾಕ್ಷಿಗಳಲ್ಲಿ ಒಬ್ಬರಿಗೂ ಅವನ ಕಣ್ಣು ಕಾಣಲಿಲ್ಲ.

ಕೈದಿಯಾಗಿದ್ದಾಗ ಜೊತೆಯವರ ಹೆಣ ಹೂಳುವ ಕೆಲಸಕ್ಕೆ ಹಚ್ಚಲ್ಪಟ್ಟಿದ್ದ ಕ್ಲೆಮಾಂ ಅಬೈಫುಟ ಅವರು ಆ ದಿನಗಳನ್ನು ವಿವರಿಸಿದರು. ಅರ್ಬತಾಶರ್ ಹೇಗಿರುತ್ತದೆಂದು ಒಬ್ಬ ಸಾಕ್ಷಿ ನೆಲದ ಮೇಲೆ ಮಲಗಿ ತೋರಿಸಿದರು. ಗೆಂಗೆಂಗ್ ಬಂದರು, ಹೇಳಿದರು. ಯುದ್ಧಕೈದಿಗಳನ್ನು ಆಸ್ಪತ್ರೆಗೆ ಸೇರಿಸಿ ಎಂದು ರೆಡ್‌ಕ್ರಾಸ್ ಬರೆದಿದ್ದ ಪತ್ರದ ಮೇಲೆ, ಇನ್ನು ಮುಂದೆ ಸತ್ತ ಹೊರತು ಯಾವ ಯುದ್ಧಕೈದಿಯೂ ಜೈಲಿನಿಂದ ಹೊರಗೆ ಹೋಗಕೂಡದು ಎಂಬ ಟಿಪ್ಪಣಿಯಿತ್ತು. ಕೈಬರಹ ಹಾಬ್ರೆಯದೇ ಎಂದು ತಜ್ಞರು ಹೇಳಿದರು.

ಯಾರೂ ನಿರೀಕ್ಷಿಸದಿದ್ದದ್ದು ಹೆಂಗಸರ ಸಾಕ್ಷ್ಯ. ಮೂಲ ಆರೋಪಪಟ್ಟಿಯಲ್ಲಿ ಲೈಂಗಿಕ ಹಿಂಸೆಯ ಉಲ್ಲೇಖವೇ ಇರಲಿಲ್ಲ. ಕಾಲು ಶತಮಾನ ಗಂಡಂದಿರಿಗೂ ಮಕ್ಕಳಿಗೂ ಹೇಳದೆ ನುಂಗಿಕೊಂಡಿದ್ದನ್ನು ಅವರು ಟಿವಿ ಕ್ಯಾಮರಾಗಳ ಮುಂದೆ ಹೇಳಿದರು. 1988ರಲ್ಲಿ ತಮ್ಮನ್ನು ಉತ್ತರದ ಮರುಭೂಮಿಯ ವಾದಿ ದೂಮ್ ಸೇನಾ ಶಿಬಿರಕ್ಕೆ ಸೈನಿಕರ ಉಪಯೋಗಕ್ಕೆಂದು ಕಳಿಸಿದ್ದನ್ನು ಹೇಳಿದರು. ಒಬ್ಬಾಕೆ ಹಾಬ್ರೆಯ ಕಡೆಗೇ ಬೆರಳು ತೋರಿಸಿ, ಇವನೇ ನನ್ನ ಮೇಲೆ ಅತ್ಯಾಚಾರ ಮಾಡಿದ ಎಂದರು. 2016ರ ಮೇ 30ರ ತೀರ್ಪಿನಲ್ಲಿ ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಚಿತ್ರಹಿಂಸೆಗಳ ಜೊತೆ ಲೈಂಗಿಕ ಗುಲಾಮಗಿರಿ, ಅತ್ಯಾಚಾರಗಳೂ ಸೇರಿದವು. ಜೀವಾವಧಿ ಶಿಕ್ಷೆ. ಮರುವರ್ಷ ಏಪ್ರಿಲ್ 27ರ ಮೇಲ್ಮನವಿ ತೀರ್ಪು ಶಿಕ್ಷೆಯನ್ನು ಎತ್ತಿಹಿಡಿಯಿತು. ಹಾಬ್ರೆ ತಾನೇ ಎಸಗಿದನೆಂಬ ಅತ್ಯಾಚಾರದ ಆರೋಪವೊಂದನ್ನು ಮಾತ್ರ, ಅದು ಆರೋಪಪಟ್ಟಿಯಲ್ಲಿ ಇರಲಿಲ್ಲವೆಂಬ ಕಾರಣಕ್ಕೆ, ಕೈಬಿಟ್ಟಿತು. ಆಕೆ ಹೇಳಿದ್ದು ಸುಳ್ಳೆಂದಲ್ಲ ಎಂದು ಸ್ಪಷ್ಟಪಡಿಸಿತು ನಿಜ, ಆದರೆ ಇಪ್ಪತ್ತೈದು ವರ್ಷ ಯಾರೂ ಕೇಳದಿದ್ದದ್ದನ್ನು ಆಕೆ ಮೊದಲೇ ಎಲ್ಲಿ ಬರೆಸಬೇಕಿತ್ತು?

ಅದೇ ತೀರ್ಪು 7,396 ಸಂತ್ರಸ್ತರಿಗೆ ಸುಮಾರು 8,200 ಕೋಟಿ ಸಿಎಫ್‌ಎ ಫ್ರಾಂಕ್ ಪರಿಹಾರ ಕೊಡಬೇಕೆಂದಿತು. ಹಾಬ್ರೆಯ ಆಸ್ತಿ ಹುಡುಕಿ ಮಾರಿ ಕೊಡಲು ಆಫ್ರಿಕನ್ ಒಕ್ಕೂಟ ನಿಧಿ ಸ್ಥಾಪಿಸಬೇಕೆಂದೂ ಹೇಳಿತು. ಎನ್‌ಜಮೇನಾದ ಕೋರ್ಟು 2015ರಲ್ಲೇ ಡಿಡಿಎಸ್‌ನ 20 ಮಂದಿಗೆ ಶಿಕ್ಷೆ ವಿಧಿಸಿ, ಇನ್ನೂ 7,500 ಕೋಟಿ ಫ್ರಾಂಕ್ ಪರಿಹಾರಕ್ಕೆ ಆದೇಶಿಸಿತ್ತು. ಡಾಕರ್ ಪೀಠಗಳು ಕೇಳಿದ್ದ ಆರೋಪಿಗಳನ್ನು ದೆಬಿ ಅಲ್ಲಿಗೆ ಕಳಿಸದೆ ಮನೆಯಲ್ಲೇ ವಿಚಾರಿಸಿದ್ದ. ಅವರು ಡಾಕರ್‌ನಲ್ಲಿ ಇನ್ನೇನೇನು, ಯಾರ್‍ಯಾರ ಹೆಸರು ಹೇಳಿಬಿಡುತ್ತಿದ್ದರೋ ಎಂಬ ಅನುಮಾನ ಅಂದಿನಿಂದ ಇದೆ. ಕಾಗದದ ಮೇಲೆ ಪರಿಹಾರ ದೊಡ್ಡದಾಗಿತ್ತು. ವರ್ಷಗಳು ಕಳೆದರೂ ಯಾರ ಕೈಗೂ ಒಂದು ಫ್ರಾಂಕ್ ಬರಲಿಲ್ಲ. ಪ್ರತಿ ವರ್ಷ ಸಂಘದ ಸದಸ್ಯರು ಒಬ್ಬೊಬ್ಬರಾಗಿ ಸಾಯುತ್ತ ಹೋದರು.

ಡಾಕರ್‌ನ ಈ ಯಶಸ್ಸಿನ ಪಕ್ಕದಲ್ಲಿ ಚಾಡ್‌ನ ರಾಜಕೀಯವನ್ನು ಇಟ್ಟು ನೋಡಿದರೆ ಎರಡಕ್ಕೂ ಸಂಬಂಧವೇ ಇಲ್ಲವೇನೋ ಅನಿಸುತ್ತದೆ. ಸರ್ವಾಧಿಕಾರಿಗೆ ಶಿಕ್ಷೆಯಾದರೆ ಪ್ರಜಾಪ್ರಭುತ್ವಕ್ಕೆ ದಾರಿ ತೆರೆಯುತ್ತದೆಂದು ಬಲ್ಲವರು ಬರೆಯುತ್ತಾರೆ. ಚಾಡ್‌ನಲ್ಲಿ ತೆರೆಯಲಿಲ್ಲ. ದೆಬಿ ಮೂವತ್ತು ವರ್ಷ ಆಳಿದ. ಹಿಂದೆ ಗದ್ದಾಫಿಯ ನೆಪದಲ್ಲಿ ಹಾಬ್ರೆಯನ್ನು ಸಲಹಿದ ಫ್ರಾನ್ಸ್, ಸಹೇಲ್‌ನ ಜಿಹಾದಿ ಗುಂಪುಗಳ ನೆಪದಲ್ಲಿ ದೆಬಿಯನ್ನು ಸಲಹಿತು. 2021ರ ಏಪ್ರಿಲ್‌ನಲ್ಲಿ ದೆಬಿ ಬಂಡುಕೋರರೊಂದಿಗಿನ ಕಾಳಗದಲ್ಲಿ ಗಾಯಗೊಂಡು ಸತ್ತ. ಮಗ ಮಹಮತ್ ಸಂವಿಧಾನವನ್ನು ಪಕ್ಕಕ್ಕಿಟ್ಟು ಗದ್ದುಗೆ ಏರಿದ. ಅಂತ್ಯಕ್ರಿಯೆಗೆ ಫ್ರಾನ್ಸ್‌ನ ಅಧ್ಯಕ್ಷರೇ ಬಂದಿದ್ದರು. ನಾಲ್ಕು ತಿಂಗಳ ಮೇಲೆ, ಆಗಸ್ಟ್ 24ರಂದು, ಹಾಬ್ರೆ ಡಾಕರ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ. 2022ರ ಅಕ್ಟೋಬರ್ 20ರಂದು ಚುನಾವಣೆ ಕೇಳಿ ಬೀದಿಗಿಳಿದ ಚಾಡ್‌ನ ಯುವಕರ ಮೇಲೆ ಗುಂಡು ಹಾರಿತು, ನೂರಾರು ಜನರನ್ನು ಮರುಭೂಮಿಯ ಕೋರೊ ತೊರೊ ಜೈಲಿಗೆ ಸಾಗಿಸಲಾಯಿತು.

2024ರಲ್ಲಿ, ಮಹಮತ್ ದೆಬಿ ಚುನಾವಣೆಗೆ ಸಿದ್ಧವಾಗುತ್ತಿದ್ದ ತಿಂಗಳುಗಳಲ್ಲಿ, ಸರ್ಕಾರ ಹಾಬ್ರೆ ಕಾಲದ ಸಂತ್ರಸ್ತರಿಗೆ 1,000 ಕೋಟಿ ಫ್ರಾಂಕ್ ಬಿಡುಗಡೆ ಮಾಡಿತು. ಎರಡು ಕೋರ್ಟುಗಳು ಹೇಳಿದ್ದರ ಹದಿನೈದನೆಯ ಒಂದು ಪಾಲೂ ಅಲ್ಲ. ಜನ ಸಾಲಿನಲ್ಲಿ ನಿಂತು ತಮ್ಮ ಪಾಲು ತೆಗೆದುಕೊಂಡರು, ಉಳಿದದ್ದು ಯಾವಾಗ ಎಂದು ಕೇಳಿದರು. ಸಂಘ ಈಗ ಆಫ್ರಿಕನ್ ಒಕ್ಕೂಟಕ್ಕೆ ಪತ್ರ ಬರೆಯುವ ಕೆಲಸ ಮುಂದುವರಿಸಿದೆ.